ನಡುಮನೆಯ ಕಚ್ರಾ ಮಗ್ಗ

ಈಗ ಇದಕ್ಕೆ ಪರಿಸರ ಕಲೆ ಎಂಬ ಹೆಸರು ಬಂದಿದೆ. ನಮ್ಮವ್ವ ಆಗ ಇದನ್ನು ಹೊಲಸು ಎನ್ನುತ್ತಿದ್ದಳು. ಎಸೆದ ಪಾಕೀಟು, ಹರಿದ ಚೀಲಗಳಿಂದ ನಾನು ನೇಯ್ದದ್ದನ್ನು ನೋಡಲು ಮಕ್ತಲ್‌ನ ನನ್ನ ಮನೆಗೆ ಜನ ಬರುತ್ತಾರೆ, ಫೋಟೊ ತೆಗೆದುಕೊಳ್ಳುತ್ತಾರೆ, ನಿಮಗೆ ಇದು ಹೇಗೆ ಹೊಳೆಯಿತು ಎಂದು ಕೇಳುತ್ತಾರೆ. ಪ್ರತಿ ಸಲವೂ ನನಗೆ ಸಿಟ್ಟು ಬರುತ್ತದೆ. ನನಗೆ ಏನೂ ಹೊಳೆದಿರಲಿಲ್ಲ. ಇದು ನೀಲತ್ತೆಯದು, ಅವಳಿಗೂ ಹೊಳೆದದ್ದೆನ್ನುವುದು ಸುಳ್ಳು. ನೂಲು ಸಿಗದ ಕೈ ಸುಮ್ಮನಿರಲಾರದೆ ಹಿಡಿದ ದಾರಿ ಅದು. ಅವಳು ಬಂದ ಮೇಲಿನ ಮೂರ್ನಾಲ್ಕು ವರ್ಷ ನಾರಾಯಣಪೇಟೆಯ ನಮ್ಮ ಮನೆಯಲ್ಲಿ ಒಬ್ಬರ ಮೇಲೊಬ್ಬರು ಸಿಡುಕದೆ ಒಂದು ದಿನವಾದರೂ ಕಳೆದಿತ್ತೋ ಇಲ್ಲವೋ, ನನಗೆ ನೆನಪಿಲ್ಲ. ನೆನಪಿರುವುದು ಸೋಪಿನ ನೊರೆಯ ಜೊತೆ ಬೆರೆತ ಜರ್ದಾ ವಾಸನೆ, ಅವ್ವ ಪಾತ್ರೆ ಕುಕ್ಕುವ ಸದ್ದು, ಮತ್ತು ಆ ಇಬ್ಬರು ಹೆಂಗಸರ ನಡುವೆ ಅತ್ತ ಇತ್ತ ಓಡಾಡಿ ಸಾಕಾಗಿ ಹೋಗಿದ್ದ ನಾನು.

ನಮ್ಮದು ಚಿಕ್ಕ ಮನೆ. ಮುಂದೆ ಪಡಸಾಲೆ, ಅದರ ಹಿಂದೆ ನಡುಮನೆ, ಆಮೇಲೆ ಅಡುಗೆಮನೆ, ಹಿತ್ತಲಲ್ಲಿ ಬಚ್ಚಲು. ನಡುಮನೆಯ ಅರ್ಧ ಜಾಗವನ್ನು ಅಜ್ಜನ ಕುಣಿಮಗ್ಗ ಹಿಡಿದಿತ್ತು. ನೆಲದಲ್ಲಿ ಮೊಣಕಾಲುದ್ದದ ಕುಣಿ. ನೇಯುವವರು ಅದರೊಳಗೆ ಕಾಲು ಇಳಿಬಿಟ್ಟು ಕೂತು, ಕೆಳಗಿನ ಹಲಗೆಗಳನ್ನು ತುಳಿಯುತ್ತ ನೇಯಬೇಕು. ಅಜ್ಜ ಹೋದ ಮೇಲೆ ಅಪ್ಪ ಸ್ವಲ್ಪ ದಿನ ಸೀರೆ ನೇಯ್ದ. ಊರಿನಲ್ಲಿ ವಿದ್ಯುತ್ ಮಗ್ಗಗಳು ಹೆಚ್ಚಾದಂತೆ ಬೇಸತ್ತು ಬಿಟ್ಟ. ಆಮೇಲೆ ಅವನು ಹಿಡಿದದ್ದು ಶೇರ್ ಆಟೊ: ನಾರಾಯಣಪೇಟೆಯಿಂದ ಉಟ್ಕೂರು, ಉಟ್ಕೂರಿನಿಂದ ಮಕ್ತಲ್, ದಿನಕ್ಕೆ ನಾಲ್ಕೈದು ಸಲ. ಅವ್ವ ಕುಣಿಯ ಮೇಲೆ ಹಲಗೆ ಮುಚ್ಚಿ ಜೋಳದ ಚೀಲ ಇಟ್ಟಿದ್ದಳು. ಆ ಮಗ್ಗವನ್ನು ಕಿತ್ತು ಹಾಕಿಸಿ, ನೆಲ ಸಮ ಮಾಡಿಸಿ, ಬಂದವರು ಕೂಡಲು ಒಂದು ಸರಿಯಾದ ಕೋಣೆ ಮಾಡಿಕೊಳ್ಳಬೇಕೆಂಬ ಆಸೆ ಅವಳಿಗೆ ಬಹಳ ದಿನದಿಂದ ಇತ್ತು. ಮಕ್ತಲ್‌ನ ಅವಳ ತವರಿನಲ್ಲಿ ಅಂಥ ಕೋಣೆಯಿತ್ತು. ಅಪ್ಪ ಹೂಂ ಎನ್ನುತ್ತಿದ್ದ, ಮಾಡುತ್ತಿರಲಿಲ್ಲ. ಹಾಗಿರುವಾಗಲೇ ಅಪ್ಪನ ಅಕ್ಕ ನೀಲತ್ತೆ ಗದ್ವಾಲದಿಂದ ಒಂದು ತಗಡಿನ ಪೆಟ್ಟಿಗೆ ಹಿಡಿದು ಬಂದು ಬಾಗಿಲಲ್ಲಿ ನಿಂತಳು.

ಅವಳನ್ನು ಗದ್ವಾಲದ ನೇಕಾರರ ಮನೆಗೆ ಕೊಟ್ಟಿದ್ದರು. ಆ ಮನೆಯಲ್ಲಿ ಹೆಂಗಸರು ನೂಲು ಸುತ್ತಬೇಕು, ಕಡಿದ ಎಳೆ ಕೂಡಿಸಬೇಕು. ಮಗ್ಗಕ್ಕೆ ಕೂಡುವವರು ಗಂಡಸರು. ಅವಳ ಗಂಡನಿಗೆ, ಅಂದರೆ ನಮ್ಮ ಮಾವನಿಗೆ, ಉಬ್ಬಸ ಹತ್ತಿ ಕೂತರೆ ಏಳಲಾಗದ ಸ್ಥಿತಿ ಬಂದಾಗ ನೀಲತ್ತೆ ಯಾರಿಗೂ ಕಾಣದಂತೆ ಬಾಗಿಲು ಮುಂದೆ ಮಾಡಿಕೊಂಡು ಕುಣಿಗಿಳಿದಳು. ಎಷ್ಟೋ ವರ್ಷ ಅವಳು ನೇಯ್ದ ಸೀರೆಗಳು ಮಾವನ ಹೆಸರಿನಲ್ಲಿ ಹೋದವು. ಮಾವ ತೀರಿಕೊಂಡ ಮೇಲೆ ಮೈದುನರು ಅವಳ ಮುಂದೆ ನೂಲು ಸುತ್ತುವ ರಾಟೆ ತಂದಿಟ್ಟರಂತೆ. ಒಂದು ತಿಂಗಳು ಸುತ್ತಿದಳು. ಒಂದು ಬೆಳಿಗ್ಗೆ ರಾಟೆಯನ್ನು ಹಾಗೇ ಬಿಟ್ಟು ಬಸ್ಸು ಹತ್ತಿದಳು. ಇದನ್ನೆಲ್ಲ ಅವಳು ಒಂದೇ ಸಲ ಕೂತು ಹೇಳಿದವಳಲ್ಲ. ರೊಟ್ಟಿ ಮುರಿಯುವಾಗೊಂದು ಮಾತು, ಬಟ್ಟೆ ಹಿಂಡುವಾಗೊಂದು ಮಾತು. ನಾನು ಅವನ್ನು ಕೂಡಿಸಿಕೊಂಡೆ. ಬಂದ ದಿನ ಅವ್ವ ಕಾಲಿಗೆ ನೀರು ಕೊಟ್ಟು, ಪುಂಡಿಪಲ್ಲೆ ಮಾಡಿ, ಚೆನ್ನಾಗಿಯೇ ನೋಡಿಕೊಂಡಳು. ಮಾರನೇ ಬೆಳಿಗ್ಗೆ ಎದ್ದು ನೋಡಿದರೆ ಅತ್ತೆ ಒಬ್ಬಳೇ ಜೋಳದ ಚೀಲಗಳನ್ನು ಎಳೆದು ಪಡಸಾಲೆಗೆ ಹಾಕಿ, ಹಲಗೆ ತೆಗೆದು, ಕುಣಿಯೊಳಗಿನ ಕಸ ಬಳಿಯುತ್ತಿದ್ದಳು. ಅವ್ವ ನಡುಮನೆಯ ಹೊಸ್ತಿಲ ಮೇಲೆ ನಿಂತು ನೋಡಿದಳು.  ಇಬ್ಬರ ಸಿಡುಕು ಶುರುವಾದದ್ದು ಆ ಹೊತ್ತಿನಿಂದ.

ಮಗ್ಗ ಸಿಕ್ಕಿತು, ನೂಲು ಸಿಗಲಿಲ್ಲ. ಅಪ್ಪ ಅವಳನ್ನು ಆಟೊದಲ್ಲಿ ಕೂರಿಸಿಕೊಂಡು ನೇಕಾರರಿಗೆ ನೂಲು ಕೊಡುವ ಸಾವುಕಾರರೊಬ್ಬರ ಮನೆಗೆ ಹೋದ. ನಾನೂ ಹೋಗಿದ್ದೆ. ಸಾವುಕಾರರು ಅತ್ತೆಯ ಕಡೆ ನೋಡದೆ ಅಪ್ಪನ ಜೊತೆಯೇ ಮಾತಾಡಿದರು. ಹೆಣ್ಣುಮಗಳು ಒಬ್ಬಳೇ ಕೂತು ಪೂರಾ ಸೀರೆ ಇಳಿಸುತ್ತಾಳೆಂದರೆ ತಾನು ನಂಬುವುದಿಲ್ಲ, ಅಪ್ಪನ ಹೆಸರು ಹಿಡಿದು, ಬಸಣ್ಣ ಕೂಡುವುದಾದರೆ ನಾಳೆಯೇ ನೂಲು ಕಳಿಸುತ್ತೇನೆ ಎಂದರು. ತಾನು ಆಟೊ ಬಿಟ್ಟು ಕೂಡಲಾರೆ ಎಂದು ಅಪ್ಪ ಹೇಳಿದ. ತಾನು ನೇಯ್ದು ತೋರಿಸುತ್ತೇನೆ, ಒಂದು ಸೀರೆಗಾಗುವಷ್ಟು ಕೊಡಿ ಎಂದು ಅತ್ತೆ ಕೇಳಿದಳು. ಅವರು ಅಪ್ಪನಿಗೆ ಚಹಾ ತರಿಸಿದರು. ಇನ್ನಿಬ್ಬರ ಹತ್ತಿರ ಹೋಗಿ ನೋಡಿದ್ದಾಯಿತು, ಅಲ್ಲೂ ಅದೇ. ಮನೆಗೆ ಬಂದ ಮೇಲೆ ಅತ್ತೆ ಖಾಲಿ ಮಗ್ಗಕ್ಕೆ ಕೂತು ಹಲಗೆ ತುಳಿಯತೊಡಗಿದಳು. ಉದ್ದದ ಹಾಸಿಲ್ಲ, ಅಡ್ಡದ ಹೊಕ್ಕಿಲ್ಲ, ಬರೀ ಕಟ್ಟಿಗೆಯ ಸಪ್ಪಳ. ಹೀಗೆ ಎಷ್ಟು ದಿನ ಮಾಡಿದಳೆಂದರೆ ಅವ್ವ ಒಂದು ಮಧ್ಯಾಹ್ನ ಹಿಟ್ಟಿನ ಕೈಯಲ್ಲೇ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಹೋಗಿ ಕೂತಳು.

ಆಟೊ ಗುಡಿಸುವುದು ನನ್ನ ಕೆಲಸವಾಗಿತ್ತು. ಸಂಜೆ ಅಪ್ಪ ಬಂದು ನಿಲ್ಲಿಸಿದ ಕೂಡಲೇ ಸೀಟಿನ ಕೆಳಗಿನಿಂದ ಗುಟ್ಕಾ, ಚಿಪ್ಸು, ಬಿಸ್ಕತ್ತು, ಶಾಂಪೂ ಪಾಕೀಟುಗಳನ್ನು ಎಳೆದು ಹಾಕುತ್ತಿದ್ದೆ. ಅಸಹ್ಯವಾಗುತ್ತಿತ್ತು. ಒಂದು ಸಂಜೆ ಅತ್ತೆ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದವಳು ಎದ್ದು ಬಂದು ಒಂದು ಚಿಪ್ಸ್ ಪಾಕೀಟು ಎತ್ತಿಕೊಂಡಳು. ಅಂಟಿದ ಅಂಚು ಬಿಡಿಸಿ, ಒಳಮೈ ಹೊರಗೆ ಮಾಡಿ, ಸೆರಗಿನಿಂದ ಒರೆಸಿದಳು. ಒಳಗೆಲ್ಲ ಬೆಳ್ಳಿ ಬಣ್ಣ. ಹಿಡಿದು ಎಳೆದಳು, ಹರಿಯಲಿಲ್ಲ. ಇನ್ನು ಮೇಲೆ ಇವನ್ನು ಎಸೆಯಬೇಡ ಎಂದಳು. ಹಾಸಿನ ಎಳೆಗಳಿಗೆ ಬೇಕಾದ ದಾರವನ್ನು ಯೂರಿಯಾ ಚೀಲ ಬಿಚ್ಚಿ ತೆಗೆದಳು. ಮಾಗನೂರಿನ ಕಡೆಯ ನಮ್ಮ ನೆಂಟರು ಹರಿದ ಚೀಲಗಳನ್ನು ಕಟ್ಟುಕಟ್ಟಿ ಅಪ್ಪನ ಆಟೊದಲ್ಲಿ ಕಳಿಸಿದರು. ನೀಲಮ್ಮನಿಗೆ ಇದು ಯಾಕೆ ಎಂದು ಕೇಳಿ ನಕ್ಕರು. ಪಾಕೀಟುಗಳನ್ನು ತೊಳೆದು, ಒಣಗಿಸಿ, ಒಂದೇ ಅಗಲದ ಪಟ್ಟಿಯಾಗಿ ಕತ್ತರಿಸಿ ಕೊಡುವುದು ನನ್ನ ಪಾಲಿಗೆ ಬಂತು. ಶಾಲೆಗೆ ಹೋಗುವ ಮೊದಲು ಬಸ್‌ಸ್ಟ್ಯಾಂಡಿನ ಹಿಂದೆ ಹೋಗಿ ಆರಿಸಿ ತರುವುದೂ ಸೇರಿತು. ತರಗತಿಯ ಹುಡುಗಿಯರು ನೋಡಿಬಿಟ್ಟರು. ನನ್ನ ಹೆಸರು ಗಂಗಮ್ಮ. ಅಲ್ಲಿಂದ ಮುಂದೆ ಕಚ್ರಾ ಗಂಗಿ. ಮನೆಗೆ ಬಂದು ಚೀಲ ಬಿಸಾಡಿ, ನಾನು ಇನ್ನು ಹೋಗುವುದಿಲ್ಲ ಎಂದು ಅತ್ತೆಗೆ ಹೇಳುತ್ತಿದ್ದೆ. ಮಾರನೇ ದಿನ ಹೋಗುತ್ತಿದ್ದೆ. ಯಾಕೆ ಹೋಗುತ್ತಿದ್ದೆನೆಂದು ಆಗಲೂ ತಿಳಿಯುತ್ತಿರಲಿಲ್ಲ, ಅದಕ್ಕೇ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಜಗಳವೆಲ್ಲ ನೀರಿನದು. ನಲ್ಲಿ ದಿನ ಬಿಟ್ಟು ದಿನ ಬರುವುದು, ಬಂದರೂ ಒಂದು ತಾಸು. ಅವ್ವ ಕೊಡ, ಹಂಡೆ, ಬಕೀಟು ಎಲ್ಲ ತುಂಬಿಸಿ ಅಳತೆ ಹಾಕಿ ಬಳಸುವವಳು. ಸ್ನಾನ ಮಾಡಿ ಮಡಿಯುಟ್ಟು ಲಿಂಗಪೂಜೆಗೆ ಕೂಡುವ ಹೆಂಗಸಿನ ಬಚ್ಚಲಲ್ಲಿ, ಊರವರು ಹಲ್ಲಿನಿಂದ ಕಚ್ಚಿ ಹರಿದ ಗುಟ್ಕಾ ಚೀಟಿಗಳು ರಾಶಿ ಬಿದ್ದಿದ್ದರೆ ಅವಳಿಗೆ ಹೇಗಾಗಬೇಡ. ಈಗ ಅವಳ ಸಿಟ್ಟು ನನಗೆ ಅರ್ಥವಾಗುತ್ತದೆ. ಆಗ ಅವಳು ಬಾಯಿ ತೆಗೆದರೆ ನಾನು ಎದ್ದು ಹೊರಗಿನ ಕಟ್ಟೆಗೆ ಹೋಗಿ ಕೂಡುತ್ತಿದ್ದೆ.

"ಅಕ್ಕಾರ, ಕುಡಿಯಾಕ ನೀರಿಲ್ಲ. ನೀವು ಮಂದಿ ಉಗುಳಿದ್ದನ್ನ ತೊಳಿಯಾಕ ಹತ್ತೀರಿ."

"ಪಾತ್ರಿ ತೊಳದ ನೀರಿನ್ಯಾಗ ತೊಳಿತೀನಿ ಶಾಂತಾ. ನಿನ್ನ ಕೊಡ ಮುಟ್ಟಂಗಿಲ್ಲ."

ಹಾಗೆಂದ ಮೇಲೆ ಅತ್ತೆ ನಿಜವಾಗಿಯೂ ಮುಟ್ಟಲಿಲ್ಲ. ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು, ನಾನು ಮುಖ ತೊಳೆದ ನೀರು, ಎಲ್ಲವನ್ನೂ ಒಂದು ಹಳೆಯ ಎಣ್ಣೆಡಬ್ಬದಲ್ಲಿ ಹಿಡಿದಿಟ್ಟುಕೊಂಡಳು. ಅದು ಅವ್ವನನ್ನು ಇನ್ನಷ್ಟು ಕೆರಳಿಸಿತು. ಊಟದ ಹೊತ್ತಿಗೆ ಅವ್ವ ಅತ್ತೆಯ ತಾಟನ್ನು ಒಂದು ಮೊಳ ದೂರಕ್ಕೆ ಇಡುತ್ತಿದ್ದಳು. ಅತ್ತೆ ಅದನ್ನು ಎಳೆದುಕೊಳ್ಳದೆ ಅಲ್ಲಿಯೇ ಹೋಗಿ ಕೂತು ಉಣ್ಣುತ್ತಿದ್ದಳು. ಅಪ್ಪ ಇಬ್ಬರ ನಡುವೆ ತಲೆ ತಗ್ಗಿಸಿ ಶೇಂಗಾಹಿಂಡಿಯಲ್ಲಿ ರೊಟ್ಟಿ ಅದ್ದುತ್ತಿದ್ದ. ಅವನು ಹಾಗೆ ತಲೆ ತಗ್ಗಿಸುವುದಂತೂ ನನಗೆ ಎಲ್ಲಕ್ಕಿಂತ ಕೆಟ್ಟದ್ದೆನಿಸುತ್ತಿತ್ತು.

ತೆಲುಗು ಸೀಮೆಯ ನಮ್ಮ ಭಾಗಕ್ಕೆ ಪ್ರತ್ಯೇಕ ರಾಜ್ಯ ಬೇಕೆಂಬ ಗದ್ದಲದ ದಿನಗಳೂ ಅವೇ. ಬಂದ್ ಆದಾಗ ವಾರಗಟ್ಟಲೆ ಶಾಲೆ ಮುಚ್ಚಿರುತ್ತಿತ್ತು, ಬಸ್ಸಿಲ್ಲ, ಆಟೊ ಇಲ್ಲ. ಅಪ್ಪ ಆಟೊಗೆ ಹೋರಾಟದವರ ಗುಲಾಬಿ ಬಣ್ಣದ ಬಾವುಟ ಕಟ್ಟಿದ್ದರೂ ಉಟ್ಕೂರು ದಾಟಲು ಆಗುತ್ತಿರಲಿಲ್ಲ. ನಾಲ್ಕು ಜನವೂ ಆ ಮನೆಯೊಳಗೇ. ರಾಜ್ಯ ಬಂದರೆ ನಮ್ಮ ಕನ್ನಡ ಶಾಲೆ ಇರುತ್ತದೋ ಹೋಗುತ್ತದೋ, ಗಂಗಿಯನ್ನು ತೆಲುಗು ಶಾಲೆಗೆ ಹಾಕಬೇಕೋ ಏನೋ ಎಂದು ಅವ್ವ ಕೇಳುವಳು. ಬಂದ ಮೇಲೆ ನೋಡೋಣ ಎಂದು ಅಪ್ಪ ಹೇಳುವನು. ಅವ್ವ ಅವನ ಮೇಲೆ ಸಿಡುಕುವಳು. ಅತ್ತೆ ಮಾತ್ರ ಬಂದ್ ಇದ್ದರೂ ಇಲ್ಲದಿದ್ದರೂ ಬೆಳಿಗ್ಗೆ ಕುಣಿಗಿಳಿಯುವಳು. ಮೊದಮೊದಲು ಅವಳು ನೇಯ್ದದ್ದು ಮೆಣಸಿನಕಾಯಿ ಒಣಹಾಕುವ ಚಾಪೆ, ಆಟೊ ಸೀಟಿನ ಹೊದಿಕೆ. ಪಟ್ಟಿಗಳು ನೂಲು ಓಡಿಸುವ ಲಾಳಿಯಲ್ಲಿ ಹೋಗವು. ಒಂದೊಂದನ್ನೂ ಕೈಯಿಂದ ತೂರಿಸಿ, ಬಾಚಣಿಗೆಯಂಥ ಹಣಿಗೆಯನ್ನು ಎಳೆದು ಬಡಿಯಬೇಕು. ಸೀರೆಗಿಂತ ಹತ್ತು ಪಟ್ಟು ನಿಧಾನ. ಆಮೇಲೆ ಯಾವಾಗಲೋ ಅವಳು ಚಾಪೆ ಬಿಟ್ಟು ಬೇರೆ ಏನನ್ನೋ ನೇಯತೊಡಗಿದಳು. ಹಸಿರು ಪಾಕೀಟು ಬೇರೆ, ಮಣ್ಣಿನ ಬಣ್ಣದ್ದು ಬೇರೆ, ಕೆಂಪು ಬೇರೆ ಗುಡ್ಡೆ ಮಾಡು ಎಂದಳು. ಒಂದು ದಿನ ಬಟ್ಟೆಯ ಮೇಲೆ ಮಣ್ಣಿನ ದಂಡೆ ಕಂಡಿತು, ದಂಡೆಗೆ ಬಾಗಿದ ಜಾಲಿಗಿಡ ಕಂಡಿತು. ಇದು ಯಾರಿಗೆ ಎಂದು ಕೇಳಿದೆ. ಯಾರಿಗೂ ಅಲ್ಲ ಎಂದಳು. ಯಾರಿಗೂ ಅಲ್ಲದ್ದಕ್ಕೆ ನನ್ನನ್ನು ಯಾಕೆ ಹೀಗೆ ಗೋಳು ಹೊಯ್ದುಕೊಳ್ಳುತ್ತೀ ಎಂದು ನಾನು ಕತ್ತರಿ ಒಗೆದು ಎದ್ದು ಹೋದೆ.

ರಾಜ್ಯ ಬಂತು. ಒಂದು ವರ್ಷ ತುಂಬುವುದಕ್ಕೆ ಇನ್ನೂ ಒಂದೂವರೆ ತಿಂಗಳಿದೆ ಎನ್ನುವಾಗ, ಮಾಗನೂರಿನಿಂದ ದಿನಾ ಬರುತ್ತಿದ್ದ ನಮ್ಮ ಡ್ರಾಯಿಂಗ್ ಮಾಸ್ತರರು ಮಕ್ತಲ್‌ನಲ್ಲಿ ಅಪ್ಪನ ಆಟೊ ಹತ್ತಿದರು. ಕೂತ ಸೀಟಿನ ಹೊದಿಕೆಯನ್ನು ಮುಟ್ಟಿ ಮುಟ್ಟಿ ನೋಡಿ, ಯಾರು ನೇಯ್ದದ್ದು ಎಂದು ಕೇಳಿದರಂತೆ. ಅಂದೇ ಮನೆಗೆ ಬಂದರು. ಮಗ್ಗದ ಮೇಲಿದ್ದ ದಂಡೆಯನ್ನೂ ಗಿಡವನ್ನೂ ನೋಡಿ ಬಹಳ ಹೊತ್ತು ನಿಂತರು. ಊರಿನ ಮೈದಾನದಲ್ಲಿ ರಾಜ್ಯದ ಹುಟ್ಟಿದಬ್ಬ ಮಾಡುತ್ತಾರೆ, ಪ್ರತಿ ಶಾಲೆಯವರೂ ಏನಾದರೊಂದು ಮಾಡಿ ತರಬೇಕೆಂದು ಹೇಳಿದ್ದಾರೆ, ವೇದಿಕೆಯ ಪಕ್ಕಕ್ಕೆ ತೂಗುಹಾಕಲು ದೊಡ್ಡದಾಗಿ ಒಂದು ಬೇಕು ಎಂದರು.

"ತೆಲುಗು ಸಾಲಿಯವರು ಎಲ್ಲಾ ತರ್ತಾರ್ರೀ. ಕನ್ನಡ ಸಾಲಿಯವರು ಬರಿಗೈಲೆ ಬಂದ್ರು ಅನಸಬಾರದು. ಹೊಸ ರಾಜ್ಯದ ನಕಾಶೆ ಮಾಡಿ ಕೊಡ್ರಿ."

ನಕಾಶೆ ತನಗೆ ಬರುವುದಿಲ್ಲ, ತಾನು ಕಂಡದ್ದು ಎರಡು ನದಿ ಎಂದು ಅತ್ತೆ ಹೇಳಿದಳು. ಗದ್ವಾಲದ ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ಅಲಂಪುರದ ಹತ್ತಿರ ತುಂಗಭದ್ರೆ, ನಡುವಿನ ನೆಲ, ಮುಂದೆ ಅವೆರಡೂ ಕೂಡುವುದು. ಅದನ್ನು ನೇಯುತ್ತೇನೆ, ಬೇಕಾದರೆ ಒಯ್ಯಿರಿ. ಮಾಸ್ತರರು ಒಪ್ಪಿಕೊಂಡರು.

ಆ ಒಂದೂವರೆ ತಿಂಗಳು ನಮ್ಮ ಮನೆ ಬೇರೆಯದೇ ಮನೆಯಾಗಿತ್ತು. ಬೇಸಿಗೆ ರಜೆ, ನಡುಮನೆಯೊಳಗೆ ಕೆಂಡದಂಥ ಸೆಖೆ, ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಶಾಲೆಯ ಹೆಸರಿನ ಕೆಲಸ ಎಂದ ಮೇಲೆ ಅಪ್ಪ ಮಕ್ತಲ್‌ನ ಹೋಟೆಲುಗಳ ಹಿಂದಿನಿಂದ ಬಿಸ್ಕತ್ತಿನ ದೊಡ್ಡ ಪಾಕೀಟುಗಳನ್ನು ಮೂಟೆ ಕಟ್ಟಿ ತಂದ. ಅತ್ತೆ ನೀರಿಗೆಂದು ಬೆಳ್ಳಿಯ ಒಳಮೈ ಮೇಲೆ ಮಾಡಿ ತೂರಿಸುತ್ತಿದ್ದಳು, ನೆಲಕ್ಕೆ ಬಣ್ಣದ ಹೊರಮೈ. ಮಗ್ಗದ ಅಗಲ ಸಾಲದೆಂದು ಎರಡು ಉದ್ದನೆಯ ಪಟ್ಟೆಗಳನ್ನು ನೇಯ್ದಳು, ಒಂದೊಂದರಲ್ಲಿ ಒಂದೊಂದು ನದಿ. ಬೆಳ್ಳಿ ಬಣ್ಣದ ಪಟ್ಟಿ ಸಾಲದೇ ಬಂತು. ಕೊಳೆಯಾಗಿದ್ದ ಇನ್ನೊಂದು ಮೂಟೆಯನ್ನು ತೊಳೆಯಲು ಡಬ್ಬದ ನೀರು ಏನೇನೂ ಸಾಲದು. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು. ಒಳಗೆ ಹೋಗಿ, ತುಂಬಿದ ಹಂಡೆಯನ್ನು ನೆಲದ ಮೇಲೆ ಎಳೆದುಕೊಂಡೇ ಬಂದು ಅತ್ತೆಯ ಮುಂದೆ ಇಟ್ಟಳು. ನಾಳೆ ನಲ್ಲಿ ಬರುವುದಿಲ್ಲವಲ್ಲ ಎಂದು ಅತ್ತೆ ಹೇಳಿದರೆ, ಗೊತ್ತಿದೆ, ತೊಳೆಯಿರಿ ಎಂದಷ್ಟೇ ಹೇಳಿ ತೋಳೇರಿಸಿ ತಾನೂ ಕೂತಳು. ಅಂದು ಊಟಕ್ಕೆ ನಾಲ್ಕು ತಾಟುಗಳೂ ಒಂದೇ ಸಾಲಿನಲ್ಲಿದ್ದವು. ಎರಡೂ ಪಟ್ಟೆ ಮುಗಿದ ದಿನ ಪಡಸಾಲೆಯಲ್ಲಿ ಹಾಸಿ, ಪಕ್ಕಪಕ್ಕ ಇಟ್ಟು, ದಬ್ಬಣದಿಂದ ಹೊಲಿದರು. ಬಾಗಿಲಿನಿಂದ ಬಂದ ಬೆಳಕಿಗೆ ಅದು ಮಿರಮಿರ ಮಿಂಚಿತು. ನೀರಿನ ಹಾಗೆ ಇದೆ ಎಂದಳು ಅವ್ವ. ನಾಲ್ಕು ವರ್ಷದಲ್ಲಿ ಅವಳು ಅತ್ತೆಯ ಕೆಲಸದ ಬಗ್ಗೆ ಆಡಿದ ಮೊದಲ ಒಳ್ಳೆಯ ಮಾತು ಅದು.

ಹಬ್ಬದ ದಿನ ಬೆಳಿಗ್ಗೆ ಸುತ್ತಿದ ನೇಯ್ಗೆಯನ್ನು ಆಟೊದ ಮೇಲೆ ಕಟ್ಟಿಕೊಂಡು ಮೈದಾನಕ್ಕೆ ಹೋದೆವು. ಅಪ್ಪ, ಮಾಸ್ತರರು ಸೇರಿ ವೇದಿಕೆಯ ಪಕ್ಕದ ಕಂಬಗಳಿಗೆ ತೂಗುಹಾಕಿದರು. ಕೆಳಗಿನ ಒಂದು ಹಗ್ಗ ಹಿಡಿದುಕೊಂಡು ಸಮವಸ್ತ್ರದಲ್ಲಿ ನಾನು ನಿಂತಿದ್ದೆ. ಅತ್ತೆ ನನ್ನಿಂದ ನಾಲ್ಕು ಹೆಜ್ಜೆ ಆಚೆ, ತೊಳೆದ ಸೀರೆಯುಟ್ಟು, ಸೆರಗು ಹೊದ್ದು ನಿಂತಿದ್ದಳು. ಬಂದವರೆಲ್ಲ ಒಂದು ಗಳಿಗೆ ನಿಂತು ನೋಡಿ ಹೋಗುತ್ತಿದ್ದರು. ಆಗ ಏರ್ಪಾಡು ನೋಡಿಕೊಳ್ಳುವ ಸಾಹೇಬರೊಬ್ಬರು ನಾಲ್ಕು ಜನರೊಂದಿಗೆ ಬಂದರು. ಮೊದಲು ಅವರ ಮುಖವೂ ಅರಳಿತ್ತು. ಹತ್ತಿರ ಬಂದು, ನದಿಗಳ ನಡುವಿನ ಮಣ್ಣಿನ ಮೇಲೆ ಗುಟ್ಕಾ ಚೀಟಿಯ ಅಕ್ಷರಗಳನ್ನು ಓದಿದರು. ಬಿಸಿಲಿಗೆ ಜರ್ದಾ ವಾಸನೆ ಸಣ್ಣಗೆ ಏಳುತ್ತಿತ್ತು. ಮೂಗಿಗೆ ಕರವಸ್ತ್ರ ಹಿಡಿದು, ಹೊಸ ರಾಜ್ಯದ ಹಬ್ಬಕ್ಕೆ ಕಚ್ರಾ ತಂದು ಕಟ್ಟಿದ್ದೀರಾ, ದೊಡ್ಡವರು ಬಂದು ನೋಡಿದರೆ ಏನಂದಾರು ಎಂದು ತೆಲುಗಿನಲ್ಲಿ ಕೇಳಿದರು. ಮಾಸ್ತರರು ನೆಲ ನೋಡಿದರು. ಸಾಹೇಬರು ಹಗ್ಗ ಹಿಡಿದಿದ್ದ ನನ್ನ ಕಡೆ ತಿರುಗಿ, ಯಾರು ಮಾಡಿದ್ದು ಇದು ಎಂದು ಕೇಳಿದರು.

"ಎವರು ಚೇಸಿನ್ರು ಇದಿ?"

"ನಾಕು ತೆಲ್ವದು ಸಾರ್."

ನನಗೆ ಗೊತ್ತಿಲ್ಲ ಎಂದುಬಿಟ್ಟೆ. ಯೋಚಿಸಿ ಆಡಿದ ಮಾತಲ್ಲ. ಹಿಂದೆ ತರಗತಿಯ ಹುಡುಗಿಯರು ನಿಂತಿದ್ದರು, ಅವರು ನಕ್ಕದ್ದು ಕೇಳಿಸಿತು. ನಾಲಿಗೆ ತಾನೇ ಆಡಿತು. ನಾನು ಅತ್ತೆಯ ಕಡೆ ನೋಡಲಿಲ್ಲ. ಸಾಹೇಬರು ಇಳಿಸಿ ಎಂದು ಹೇಳಿ ಮುಂದೆ ನಡೆದರು. ಎರಡೇ ನಿಮಿಷದಲ್ಲಿ ಯಾರೋ ಗಂಟು ಬಿಚ್ಚಿ ಅದನ್ನು ವೇದಿಕೆಯ ಹಿಂದಕ್ಕೆ ಒಗೆದರು. ಕಾರ್ಯಕ್ರಮ ನಡೆಯಿತು. ನಾನು ಸಾಲಿನಲ್ಲಿ ನಿಂತು ಎಲ್ಲರ ಜೊತೆ ಹಾಡಿದೆ. ನಡುವೆ ಮುಂಗಾರಿನ ಮೊದಲ ಗಾಳಿ ಎದ್ದು ನಾಲ್ಕು ಹನಿ ಜೋರಾಗಿ ಬಿತ್ತು, ಜನ ಶಾಮಿಯಾನದ ಕೆಳಗೆ ಓಡಿದರು. ಎಲ್ಲ ಮುಗಿದ ಮೇಲೆ ನೇಯ್ಗೆ ತರಲು ನಾವು ಹಿಂದಕ್ಕೆ ಹೋದೆವು. ಮೈಕಿನವನು ಅದನ್ನು ಅಡ್ಡಲಾಗಿ ಬ್ಲೇಡಿನಿಂದ ಎರಡು ತುಂಡು ಮಾಡಿ ಎರಡು ದೊಡ್ಡ ಸ್ಪೀಕರುಗಳಿಗೆ ಹೊದಿಸಿದ್ದ. ಅವನಿಗೆ ನಾವು ಯಾರೆಂದು ಗೊತ್ತಿರಲಿಲ್ಲ. ಎಲ್ಲಿ ಸಿಗುತ್ತದೆ ಇದು, ಒಂದು ಹನಿ ಒಳಗೆ ಇಳಿಯಲಿಲ್ಲ, ತಾಡಪಾಲಿಗಿಂತ ಗಟ್ಟಿ ಎಂದು ಅವನು ನಿಜವಾಗಿ ಮೆಚ್ಚಿ ಹೇಳಿದ. ಅತ್ತೆ ಕತ್ತರಿಸಿದ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದಳು. ತುಂಡುಗಳನ್ನು ಮಡಚಿ ಆಟೊದಲ್ಲಿಟ್ಟಳು. 

ನಡೆದದ್ದನ್ನು ಅಪ್ಪ ಹೇಳಿದಾಗ ಅವ್ವ ಒಲೆಯ ಮುಂದಿದ್ದಳು. ನಾನು ಆಡಿದ ಮಾತು ಅಪ್ಪನ ಕಿವಿಗೆ ಬಿದ್ದಿರಲಿಲ್ಲ, ಅವನು ಆಚೆ ಕಂಬದ ಹತ್ತಿರವಿದ್ದ. ಮಾರನೇ ಬೆಳಿಗ್ಗೆ ಅವ್ವ ತಲೆ ಬಾಚಿಕೊಂಡು, ನನ್ನ ಕೈ ಹಿಡಿದುಕೊಂಡು ಶಾಲೆಗೆ ಹೋದಳು. ಡ್ರಾಯಿಂಗ್ ಮಾಸ್ತರರು ವರಾಂಡದಲ್ಲಿ ಸಿಕ್ಕರು. ಸಾಹೇಬರ ಮುಂದೆ ತನ್ನ ಕೈಯಲ್ಲಿ ಏನಿತ್ತು ಎಂದು ಅವರು ತಪ್ಪಿತಸ್ಥರ ಹಾಗೆಯೇ ಹೇಳಿದರು.

"ಕೈಯಾಗ ಏನೂ ಇರಲಿಲ್ಲ, ಖರೆ ಐತ್ರಿ ಮಾಸ್ತರ. ಬಾಯಾಗ ಒಂದು ಹೆಸರಿತ್ತಲ್ಲ? ಇದನ್ನ ನೀಲಮ್ಮ ನೇಯ್ದಾಳ ಅನ್ನಾಕ ನಿಮಗೇನಾಗಿತ್ತು? ಹಂಡೆ ನೀರು ಕೊಟ್ಟೀನ್ರಿ ನಾನು ಅದಕ."

ಮಾಸ್ತರರು ಕೈ ಮುಗಿದರು. ಅವ್ವ ಇನ್ನೂ ಬಹಳ ಮಾತಾಡಿದಳು, ನನಗೆ ಒಂದೂ ಕೇಳಿಸಲಿಲ್ಲ. ಆ ಮೊದಲ ಮಾತಷ್ಟೇ ಕಿವಿಯಲ್ಲಿ ನಿಂತಿತ್ತು. ಅವಳು ಬಿಗಿಯಾಗಿ ಹಿಡಿದಿದ್ದ ಕೈ ನನ್ನದು. ಬಾಯಲ್ಲಿ ಹೆಸರಿದ್ದೂ ಆಡದವಳು ನಾನು. ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡೆ. ಮನೆ ಬಂತು.

ಅಂದಿನಿಂದ ಬೈಗುಳಕ್ಕಾಗಿ ಕಾದೆ. ಯಾರೂ ಬೈಯಲಿಲ್ಲ. ಅಪ್ಪ ಸಾಹೇಬರನ್ನು ಬೈದ, ಅವ್ವ ಮಾಸ್ತರರನ್ನು ಬೈದಳು. ಅತ್ತೆ ಯಾರನ್ನೂ ಬೈಯಲಿಲ್ಲ, ಮೂರು ದಿನ ಮಗ್ಗದ ಹತ್ತಿರವೂ ಹೋಗಲಿಲ್ಲ. ಈಗಲಾದರೂ ಕೋಣೆ ಸಮ ಮಾಡಿಸೋಣವೆಂದು ಅವ್ವ ಹೇಳಲಿಲ್ಲ. ಬದಲಿಗೆ ನಲ್ಲಿ ಬಂದ ದಿನ ಎಣ್ಣೆಡಬ್ಬಕ್ಕೂ ಒಳ್ಳೆಯ ನೀರು ತುಂಬಿಸಿಟ್ಟಳು. ನಾಲ್ಕನೇ ದಿನ ಅತ್ತೆ ಮತ್ತೆ ಹಾಸು ಹೂಡಿದಳು. ಆ ಎರಡು ತುಂಡುಗಳಲ್ಲಿ ಒಂದನ್ನು ಅಪ್ಪ ಆಟೊದ ಮೇಲೆ ಹೊದಿಸಿಕೊಂಡ. ಇನ್ನೊಂದು ಹಿತ್ತಲಿನ ಬಚ್ಚಲಿಗೆ ಮರೆಯ ಪರದೆಯಾಯಿತು. ಆಮೇಲಿನ ವರ್ಷಗಳಲ್ಲಿ ಅತ್ತೆ ಎಷ್ಟೋ ನೇಯ್ದಳು, ಆದರೆ ಮನೆಯ ಹೊಸ್ತಿಲಾಚೆ ಏನನ್ನೂ ಕಳಿಸಲಿಲ್ಲ. ಕಣ್ಣು ಮಂಜಾಗುವವರೆಗೂ ಅದೇ ಕುಣಿಯಲ್ಲಿ ಕೂತಳು. ನಾನು ದೊಡ್ಡವಳಾದ ಮೇಲೆ, ಅವಳನ್ನು ಮಣ್ಣು ಮಾಡಿದ ವರ್ಷ, ಕುಣಿಯನ್ನು ಮುಚ್ಚಿದರು. ಅವಳ ನೇಯ್ಗೆಯಲ್ಲಿ ನನ್ನ ಹತ್ತಿರ ಉಳಿದಿರುವುದು ಒಂದು ಮಾರುದ್ದ. ನೋಡಲು ಬಂದವರಿಗೆಲ್ಲ ಅದನ್ನೇ ಮೊದಲು ತೋರಿಸುತ್ತೇನೆ, ಅವರು ಅದರ ಮುಂದೆ ನನ್ನನ್ನು ನಿಲ್ಲಿಸಿ ಫೋಟೊ ತೆಗೆಯುತ್ತಾರೆ.

ಆ ಹಬ್ಬದ ನಂತರ ಅವಳು ಮತ್ತೆ ಮಗ್ಗಕ್ಕೆ ಕೂತು ಒಂದು ವಾರವಾಗಿತ್ತೇನೋ. ನಾನು ಎಂದಿನಂತೆ ಎದುರಿಗೆ ಕೂತು ಪಟ್ಟಿ ಕತ್ತರಿಸಿ ಕೊಡುತ್ತಿದ್ದೆ, ಅವಳು ಎಂದಿನಂತೆ ತೆಗೆದುಕೊಳ್ಳುತ್ತಿದ್ದಳು. ಆ ಎಂದಿನಂತೆ ಎಂಬುದೇ ನನಗೆ ತಡೆಯದಾಯಿತು. ಬೇಕೆಂದೇ ಒಂದು ಪಟ್ಟಿಯನ್ನು ಅಗಲವಾಗಿ ಕತ್ತರಿಸಿದೆ, ಇನ್ನೊಂದನ್ನು ಸೊಟ್ಟಗೆ ಮಾಡಿದೆ, ಮೂರನೆಯದನ್ನು ನಡುವೆ ಹರಿದು ಕೊಟ್ಟೆ. ಅವಳು ಮೂರನ್ನೂ ಪಕ್ಕಕ್ಕಿಟ್ಟಳು. ನಾಲ್ಕನೆಯದನ್ನೂ ಹಾಗೇ ಕೊಟ್ಟಾಗ ಕುಣಿಯಿಂದಲೇ ಕೈ ಚಾಚಿ ನನ್ನ ಮಣಿಕಟ್ಟಿನ ಮೇಲೆ ಚಟ್ಟನೆ ಹೊಡೆದಳು. ನಾನು ಅಳತೊಡಗಿದೆ. ನೋವಿಗಲ್ಲ. ಅವಳಿಗೂ ಅದು ತಿಳಿಯಿತೆಂದು ಕಾಣುತ್ತದೆ, ಅಳು ನಿಲ್ಲುವವರೆಗೆ ಹಲಗೆಯ ಮೇಲಿನ ಕಾಲನ್ನೂ ಅಲ್ಲಾಡಿಸದೆ ಕೂತಿದ್ದಳು.

"ಗೊತ್ತಿಲ್ಲ ಅಂದದ್ದು ನಾ ಕೇಳೀನಿ," ಎಂದಳು. "ಭಾಳ ಸಿಟ್ಟ ಬಂದಿತ್ತು. ಆಮ್ಯಾಲ ಕುಂತು ಇಚಾರ ಮಾಡಿದೆ. ನೀ ಅಂದದ್ದು ಸುಳ್ಳೇನಲ್ಲ ಗಂಗವ್ವ. ಪಟ್ಟಿ ಕತ್ತರಿಸಾಕ ಬರ್ತೈತಿ ನಿನಗ, ನೇಯದು ಎಲ್ಲಿ ಗೊತ್ತೈತಿ? ನಾನರ ಯಾವಾಗ ಕಲಿಸೀನಿ? ಮಗ್ಗ ಬಿಟ್ಟುಕೊಡಾಕ ನನಗೂ ಮನಸ ಇರಲಿಲ್ಲ."

ಅವಳು ಕೈಯೂರಿ ಕುಣಿಯಿಂದ ಎದ್ದು ಮೇಲೆ ಬಂದಳು.

"ಇಳಿ. ನಾಳಿ ಯಾರರ ಕೇಳಿದ್ರ ಗೊತ್ತೈತಿ ಅನ್ನಾಕ ಬರ್ಬೇಕು."

ಇಳಿದೆ. ಕಾಲು ಸರಿಯಾಗಿ ಹಲಗೆಗೆ ಎಟುಕಲಿಲ್ಲ, ತುದಿಬೆರಳಲ್ಲಿ ತುಳಿಯಬೇಕಾಯಿತು. ಎಡಗಾಲು ತುಳಿಯುವಲ್ಲಿ ಬಲಗಾಲು ತುಳಿದೆ, ಪಟ್ಟಿ ಮಡಚಿಕೊಂಡಿತು, ಹಾಸಿನ ಎಳೆ ಎರಡು ಸಲ ಕಡಿಯಿತು. ಅವಳು ಬೈದಳು, ಎಳೆ ಕೂಡಿಸಿ ಕೊಟ್ಟಳು, ಮತ್ತೆ ಬೈದಳು. ಅವ್ವ ಬಂದು ಬಾಗಿಲಲ್ಲಿ ನಿಂತಳು, ನೋಡಿ ಹೋದಳು. ಹೊರಗೆ ಅಪ್ಪನ ಆಟೊ ಬಂದು ನಿಂತ ಹೊತ್ತಿಗೆ ನಾಲ್ಕು ಬೆರಳಗಲ ನೇಯ್ದಿದ್ದೆ, ಬೆವರಿನಿಂದ ಅಂಗಿ ಬೆನ್ನಿಗೆ ಅಂಟಿತ್ತು. ಅತ್ತೆ ಬಗ್ಗಿ, ಮುಖ ಹತ್ತಿರ ತಂದು, ಅಂಚಿನಿಂದ ಅಂಚಿಗೆ ಬೆರಳಾಡಿಸಿ ನೋಡಿದಳು.

"ಬಿಚ್ಚು," ಎಂದಳು.

ಬಿಚ್ಚಿದೆ.